ಲೆಕ್ಕ ಹೇಳಿಕೊಡೋ ಫೋನು



ನಮ್ಮ ಗುಂಪುಗಳಲ್ಲಿ ಉಳಿತಾಯ ಚೆನ್ನಾಗಿದೆ, ಸಾಲ ವಸೂಲಿಯೂ ಪರವಾಗಿಲ್ಲ. ಆದರೆ ಪುಸ್ತಕ ಬರೆಯೋರು ಯಾರು ಅಂತ ಕೇಳಿದರೆ ಎಲ್ಲರೂ ಒಬ್ಬಳ ಮುಖ ನೋಡುತ್ತೇವೆ. ಆಕೆ ತವರಿಗೆ ಹೋದ ವಾರ ಸಾಲದ ಲೆಕ್ಕವೇ ನಿಂತುಹೋಗುತ್ತದೆ. ಅದಕ್ಕೇ ಬಡ್ಡಿ ಲೆಕ್ಕ ಎಲ್ಲರೂ ಕಲಿಯೋಣ ಅಂತ ಹೊರಟೆವು.

ಕಲಿಸೋರು ದಿನಾ ಸಿಗೋದಿಲ್ಲ. ಮನೆಯಲ್ಲಿ ಇರೋದು ಮಕ್ಕಳ ಕೈಯ ಫೋನು. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂತು, ಆಮೇಲೆ ಅಂಥವು ಹಲವು ಬಂದವು. ಇದಕ್ಕೆ ಕೃತಕ ಬುದ್ಧಿಮತ್ತೆ ಅಂತಾರೆ. ಕನ್ನಡದಲ್ಲೇ ಬಾಯಿಬಿಟ್ಟು ಕೇಳಬಹುದು. ಹತ್ತು ಸಲ ಕೇಳಿದರೂ ಬೇಸರವಿಲ್ಲ, ನಗೋದೂ ಇಲ್ಲ. ಶಾಲೆ ಬಿಟ್ಟು ಇಪ್ಪತ್ತು ವರ್ಷವಾದ ನಮಗೆ ಅದೇ ದೊಡ್ಡದು!

ಮೊದಲ ದಿನವೇ ಎಡವಿದೆವು. ‘10,000 ರೂಪಾಯಿ ಸಾಲ, ನೂರಕ್ಕೆ ತಿಂಗಳಿಗೆ 1 ರೂಪಾಯಿ ಬಡ್ಡಿ, 10 ತಿಂಗಳು, ಒಟ್ಟು ಬಡ್ಡಿ ಎಷ್ಟು?’ ಅಂತ ಕೇಳಿದೆವು. 1,000 ಅಂತು. ನಮ್ಮ ಪುಸ್ತಕದಲ್ಲಿ 550 ಇತ್ತು. ಪುಸ್ತಕ ಬರೆಯೋಳ ಮೇಲೆ ಅನುಮಾನ ಬಂದು ಸಭೆಯಲ್ಲಿ ಮಾತಿಗೆ ಮಾತು ಬೆಳೆಯಿತು. ಪಾಪ, ಆಕೆ ಕಣ್ಣೀರು ಹಾಕಿದಳು. ತಪ್ಪು ನಮ್ಮ ಪ್ರಶ್ನೆಯಲ್ಲಿತ್ತು. ತಿಂಗಳಿಗೆ 1,000 ಅಸಲು ಕಟ್ಟುತ್ತೇವೆ, ಉಳಿದ ಅಸಲಿಗೆ ಮಾತ್ರ ಬಡ್ಡಿ ಅನ್ನೋದನ್ನ ಹೇಳಿಯೇ ಇರಲಿಲ್ಲ. ಮೊದಲ ತಿಂಗಳು 100, ಆಮೇಲೆ 90, 80, ಕೊನೆಗೆ 10. ಕೂಡಿ ನೋಡಿ, 550ಏ ಬರುತ್ತದೆ. ಆಕೆಯ ಲೆಕ್ಕವೇ ಸರಿ. ಎಲ್ಲರ ಮುಂದೆ ಕ್ಷಮೆ ಕೇಳಿದೆವು.

ಆಮೇಲೆ ಕೇಳೋ ರೀತಿ ಬದಲಾಯಿಸಿದೆವು. ಮೊದಲು ಸ್ಲೇಟಿನಲ್ಲಿ ನಾವೇ ಮಾಡೋದು. ಆಮೇಲೆ ಫೋನಿಗೆ, ‘ಉತ್ತರ ಹೇಳಬೇಡ, ಎಲ್ಲಿ ತಪ್ಪಿದ್ದೇವೆ ಅಷ್ಟು ತೋರಿಸು, ಇಂಥದ್ದೇ ಇನ್ನೊಂದು ಲೆಕ್ಕ ಕೊಡು’ ಅನ್ನೋದು. ಉತ್ತರವನ್ನೇ ಕೇಳಿದರೆ ಕೆಲಸ ಬೇಗ ಮುಗಿಯುತ್ತದೆ, ಆದರೆ ಮುಂದಿನ ವಾರ ಮತ್ತೆ ಅದೇ ಪ್ರಶ್ನೆ. ಮಕ್ಕಳ ಹೋಂವರ್ಕಿಗೂ ಇದೇ ಮಾತು.

ಇನ್ನೊಂದು ವಿಷಯ. ಅದು ಅಪಾರ ಬರಹ ಓದಿಸಿ ತಯಾರು ಮಾಡಿದ ಯಂತ್ರ. ಕನ್ನಡದ್ದು ಓದಿರೋದು ಕಡಿಮೆ. ಗೊತ್ತಿಲ್ಲದ್ದನ್ನೂ ಗೊತ್ತಿರೋ ಹಾಗೆ ಹೇಳಿಬಿಡುತ್ತದೆ. ಸರ್ಕಾರದ ಯೋಜನೆ, ಔಷಧಿ ವಿಷಯ ಕೇಳಿದರೆ ಪಂಚಾಯಿತಿಯಲ್ಲೋ ಡಾಕ್ಟರ ಹತ್ತಿರವೋ ಮತ್ತೊಮ್ಮೆ ವಿಚಾರಿಸಿ. ಆಧಾರ್ ನಂಬರು, ಬ್ಯಾಂಕ್ ಖಾತೆ, ಓಟಿಪಿ ಮಾತ್ರ ಅದಕ್ಕೆ ಹೇಳಲೇಬೇಡಿ. ಯಾರಾದರೂ ಮೋಸದಿಂದ ಹಣ ತೆಗೆದರೆ ತಕ್ಷಣ 1930ಕ್ಕೆ ಫೋನ್ ಮಾಡಿ.

ಮುಂದಿನ ಸಭೆಗೆ ಎಲ್ಲರೂ ಸ್ಲೇಟು ತನ್ನಿ. ಫೋನು ಗುಂಪಿಗೆ ಒಂದಿದ್ದರೆ ಸಾಕು.