ಕ್ಯಾಂಪು ಎಂಬ ಮಾತು



ಹೊಸಪೇಟೆಯಿಂದ ಕಂಪ್ಲಿಗೆ ಹೋಗುವ ಸಾಯಂಕಾಲದ ಬಸ್ಸಿನಲ್ಲಿ ಕಿವಿ ತೆರೆದು ಕುಳಿತರೆ ಸಾಕು, ಭಾಷಾಶಾಸ್ತ್ರದ ಒಂದು ಪಾಠವೇ ಆಗಿಹೋಗುತ್ತದೆ. ಈಚೆಗೆ ಒಂದು ದಿನ ನನ್ನ ಮುಂದಿನ ಸೀಟಿನಲ್ಲಿ ಒಬ್ಬ ಅಜ್ಜಿ ಕುಳಿತಿದ್ದರು. ಕಣ್ಣಿಗೆ ಕಪ್ಪು ಕನ್ನಡಕ. "ಕ್ಯಾಂಪಿನಾಗ ಆಪರೇಷನ್ ಮಾಡಿದ್ರವ್ವಾ, ಒಂದು ರೂಪಾಯಿ ತಗಳ್ಲಿಲ್ಲ" ಎಂದು ಪಕ್ಕದವಳಿಗೆ ಹೇಳುತ್ತಿದ್ದರು. ಅವರ ಹಿಂದೆ ಕಚೇರಿಯಿಂದ ಬರಿಗೈಯಲ್ಲಿ ಹಿಂದಿರುಗುತ್ತಿದ್ದ ರೈತರೊಬ್ಬರ ಗೊಣಗಾಟ: "ಸಾಹೇಬ್ರು ಕ್ಯಾಂಪಿಗೆ ಹೋಗ್ಯಾರಂತ, ಸೋಮವಾರ ಬಾ ಅಂದ್ರು." ಅಷ್ಟರಲ್ಲಿ ಕಂಡಕ್ಟರನ ಕೂಗು: "ಕ್ಯಾಂಪಿನವರು ಯಾರದೀರಿ, ಮುಂದ ಬರ್ರಿ!" ನಾಲ್ಕಾರು ಜನ ಚೀಲ ಎತ್ತಿಕೊಂಡು ಎದ್ದರು.

ಮೂವರೂ ಆಡಿದ್ದು ಒಂದೇ ಮಾತು. ಅರ್ಥ ಮಾತ್ರ ಮೂರು. ಅಜ್ಜಿಯ ಕ್ಯಾಂಪು ಒಂದು ದಿನದ್ದು, ಸಾಹೇಬರದು ಒಂದು ವಾರದ್ದು, ಕಂಡಕ್ಟರನದು ಒಂದು ಊರು. ಆದರೂ ಬಸ್ಸಿನಲ್ಲಿದ್ದ ಯಾರೊಬ್ಬರೂ "ಹಾಗೆಂದರೇನು?" ಎಂದು ಕೇಳಲಿಲ್ಲ. ಇಂಗ್ಲಿಷಿನ ಒಂದಕ್ಷರವನ್ನೂ ಅರಿಯದ ಅಜ್ಜಿಯ ಬಾಯಲ್ಲಿ ಈ ಮಾತು ರೊಟ್ಟಿಯಷ್ಟು, ಪುಂಡಿಪಲ್ಯದಷ್ಟು ಸಹಜವಾಗಿತ್ತು. ಇಂದು ನಿಮ್ಮೊಡನೆ ಈ ಒಂದು ಮಾತಿನ ಬಗೆಗೆ ನಾಲ್ಕು ಮಾತನ್ನಾಡಬೇಕೆಂದಿದ್ದೇನೆ.

ಮೊದಲೇ ಒಂದು ತಪ್ಪೊಪ್ಪಿಗೆ. ನಾನು ಕನ್ನಡ ಪಂಡಿತ. ಉಪಾಧ್ಯಾಯ ವೃತ್ತಿಗೆ ಸೇರಿದ ಹೊಸತರಲ್ಲಿ ಹುಡುಗರು "ಕ್ಯಾಂಪು" ಎಂದು ಬರೆದಲ್ಲೆಲ್ಲ ಕೆಂಪು ಮಸಿಯಿಂದ ಹೊಡೆದುಹಾಕಿ "ಶಿಬಿರ" ಎಂದು ತಿದ್ದುತ್ತಿದ್ದೆ. ಆ ಕೆಂಪು ಮಸಿಗೆ ನಾನು ಕೊಟ್ಟ ಬೆಲೆಯನ್ನು ಕಡೆಯಲ್ಲಿ ಹೇಳುತ್ತೇನೆ.

ಈ ಮಾತು ನಮ್ಮ ಸೀಮೆಗೆ ಬಂದದ್ದು ಕುಂಪಣಿಯ ಕುದುರೆಯ ಮೇಲೆ. ಬಳ್ಳಾರಿ ಸೀಮೆ 1800ರಲ್ಲಿ ಇಂಗ್ಲಿಷರ ಕೈಸೇರಿತು. ಅಂದಿನ ಕಲೆಕ್ಟರ ದೊರೆ ಸುತ್ತಾಟಕ್ಕೆ ಹೊರಟರೆ ತೋಪು ಸಿಕ್ಕಲ್ಲಿ ಡೇರೆ ಹೊಡೆಸುತ್ತಿದ್ದ. ಕಾಗದ ಪತ್ರ, ಗುಮಾಸ್ತರು, ಅಡಿಗೆಯವರು ಎಲ್ಲ ಅಲ್ಲಿಗೇ. ಅದು ಕ್ಯಾಂಪು. ಈಗ ಡೇರೆ ಹೋಗಿದೆ, ಜೀಪು ಬಂದಿದೆ. ಸಾಹೇಬರು ಬೆಳಿಗ್ಗೆ ಹೊರಟು ರಾತ್ರಿಯ ಊಟಕ್ಕೆ ಮನೆಗೇ ಬರುತ್ತಾರೆ. ಆದರೂ ಅವರು "ಕ್ಯಾಂಪಿನಲ್ಲಿ"ಯೇ ಇರುತ್ತಾರೆ. ಹೊಸಪೇಟೆಯ ಅಧಿಕಾರಿ ಸಂಡೂರಿನಲ್ಲಿ ಕುಳಿತು ಸಹಿ ಹಾಕಿದರೆ ಕೆಳಗೆ "ಶಿಬಿರ: ಸಂಡೂರು" ಎಂದು ಬೀಳುತ್ತದೆ. ಬರೆಯುವಾಗ ಶಿಬಿರ, ಆಡುವಾಗ ಕ್ಯಾಂಪು: ಹೀಗೆ ಒಂದೇ ಕಚೇರಿಯಲ್ಲಿ ಎರಡು ಮಾತೂ ಜಗಳವಿಲ್ಲದೆ ಬಾಳುತ್ತಿವೆ.

ಕಂಪನಿ ನಾಟಕದವರನ್ನು ನೆನೆಯಿರಿ. ಜಾತ್ರೆಯ ಕಾಲಕ್ಕೆ ಕಂಪನಿಯೊಂದು ಬಂದು ತಗಡಿನ ಥಿಯೇಟರು ಎಬ್ಬಿಸಿತೆಂದರೆ "ಕಂಪನಿ ಕ್ಯಾಂಪು ಹಾಕಿದೆ" ಎನ್ನುತ್ತೇವೆ. ಕಲೆಕ್ಷನ್ ಚೆನ್ನಾಗಿದ್ದರೆ ಕ್ಯಾಂಪು ಮೂರು ತಿಂಗಳು; ಮಳೆ ಹಿಡಿದರೆ ಮೂರೇ ವಾರಕ್ಕೆ "ಕ್ಯಾಂಪು ಎತ್ತಿದರು." ಶಾಲಾ ಕಾಲೇಜಿನ ಮಕ್ಕಳಿಗೆ ಎನ್.ಸಿ.ಸಿ. ಕ್ಯಾಂಪು. ಶಿವಮೊಗ್ಗದ ಕಡೆ ಸಕ್ರೆಬೈಲಿನಲ್ಲಿ ಆನೆಗಳಿಗೂ ಒಂದು ಕ್ಯಾಂಪು ಉಂಟು. ಬೆಳಗಾವಿಯಲ್ಲಿ ದಂಡಿನ ಪ್ರದೇಶಕ್ಕೇ "ಕ್ಯಾಂಪ್" ಎಂದು ಹೆಸರು. ಮುಂಡಗೋಡಿನಲ್ಲಿ 1966ರಿಂದ ನೆಲೆಸಿರುವ ಟಿಬೇಟಿನ ನಿರಾಶ್ರಿತರ ವಸತಿಗಳಿಗೆ ಒಂದನೆಯ ಕ್ಯಾಂಪು, ಎರಡನೆಯ ಕ್ಯಾಂಪು ಎಂದು ಎಣಿಕೆಯ ಹೆಸರು. ಇಷ್ಟೇಕೆ, ಬೇಸಗೆ ರಜೆಯಲ್ಲಿ ಬಂದ ನೆಂಟರು ಹದಿನೈದು ದಿನವಾದರೂ ಹೊರಡದಿದ್ದರೆ ನಮ್ಮ ಮನೆಯ ಹೆಂಗಸರು ಅಡಿಗೆಮನೆಯಲ್ಲಿ ಮೆಲ್ಲನೆ ಅನ್ನುವುದು: "ಇಲ್ಲೇ ಕ್ಯಾಂಪು ಹಾಕಿಬಿಟ್ಟಾರ!"

ಇನ್ನು ವ್ಯಾಕರಣದ ಸ್ವಾರಸ್ಯ ನೋಡಿ. ಪರಭಾಷೆಯ ಮಾತನ್ನು ಕನ್ನಡವು ಬರಿಗೈಯಲ್ಲಿ ಒಳಗೆ ಬಿಡುವುದಿಲ್ಲ. ಕೊನೆಗೊಂದು ಉಕಾರವನ್ನು ತೊಡಿಸಿ ಕ್ಯಾಂಪು ಎಂದಾಗಿಸಿತು. ಆಮೇಲೆ ನಮ್ಮ ವಿಭಕ್ತಿಗಳೆಲ್ಲ ಅದಕ್ಕೆ ಹತ್ತಿದವು: ಕ್ಯಾಂಪಿಗೆ, ಕ್ಯಾಂಪಿನಿಂದ, ಕ್ಯಾಂಪಿನಲ್ಲಿ. ನಮ್ಮ ಕ್ರಿಯಾಪದಗಳು ಜೊತೆಗೂಡಿದವು: ಕ್ಯಾಂಪು ಹಾಕು, ಕ್ಯಾಂಪು ಮಾಡು, ಕ್ಯಾಂಪು ಎತ್ತು. ಸಿಟ್ಟು ಬಂದಾಗ "ಕ್ಯಾಂಪೂ ಇಲ್ಲ, ಗೀಂಪೂ ಇಲ್ಲ" ಎಂಬ ಜೋಡಿಯೂ ಆಯಿತು. ಗೀಂಪು ಹುಟ್ಟಿದ ಮೇಲೆ ಆ ಮಾತು ಇಂಗ್ಲಿಷಾಗಿ ಉಳಿಯಿತೆಂದು ಯಾವ ಪಂಡಿತನೂ ವಾದಿಸಲಾರ.

ಇದರ ಮೂಲ ಲ್ಯಾಟಿನಿನ ಕಂಪುಸ್, ಬಯಲು ಎಂದರ್ಥ. ಬಯಲಿನಲ್ಲಿ ಸೈನ್ಯ ಇಳಿಯಿತು, ಬಯಲೇ ಪಾಳೆಯವಾಯಿತು. ಕಾಲೇಜಿನ ಕ್ಯಾಂಪಸ್ಸು, ಕುಸ್ತಿಯ ಚಾಂಪಿಯನ್ನು ಇವು ಕೂಡ ಅದೇ ಬೇರಿನ ಚಿಗುರುಗಳು. ಇಲ್ಲಿ ಒಂದು ಎಚ್ಚರಿಕೆ. ನಮ್ಮ ಕಂಪ್ಲಿಯ ಹೆಸರು ಕ್ಯಾಂಪಿನಿಂದ ಬಂದಿರಬೇಕೆಂದು ಜಾಣ ಹುಡುಗನೊಬ್ಬ ತರಗತಿಯಲ್ಲಿ ವಾದಿಸಿದ್ದ. ದನಿ ಹೋಲುತ್ತದೆ, ನಿಜ. ಆದರೆ ಕಂಪಿಲಿಯ ಚಾಲುಕ್ಯರ ಅರಮನೆಯನ್ನು ಕೆಡವಿದ ಸಂಗತಿ ಹನ್ನೊಂದನೆಯ ಶತಮಾನದ ಚೋಳರ ಶಾಸನಗಳಲ್ಲಿಯೇ ಇದೆ. ಕಂಪಿಲರಾಯನ ರಾಜ್ಯ ದಿಲ್ಲಿಯ ಸೈನ್ಯಕ್ಕೆ ಬಲಿಯಾದದ್ದು 1327ರಲ್ಲಿ. ಇಂಗ್ಲಿಷರ ಡೇರೆ ಈ ನೆಲವನ್ನು ಕಾಣುವುದಕ್ಕೆ ಎಷ್ಟೋ ಶತಮಾನ ಮೊದಲೇ ಕಂಪ್ಲಿ ಕಂಪ್ಲಿಯಾಗಿತ್ತು.

ಹಾಗಾದರೆ ಕ್ಯಾಂಪಿಗೆ ಕನ್ನಡದಲ್ಲಿ ಮಾತೇ ಇರಲಿಲ್ಲವೆ? ಬೇಕಾದಷ್ಟಿದ್ದವು. ದಂಡು, ಪಾಳೆಯ, ಬಿಡಾರ, ಸಂಸ್ಕೃತದ ಶಿಬಿರ, ಅರಬ್ಬಿಯ ಮೊಕ್ಕಾಂ. ಇವೆಲ್ಲಕ್ಕಿಂತ ಹಳೆಯದು, ಸೊಗಸಾದುದು ಬೀಡು. ಕೆಡು ಎಂಬುದರಿಂದ ಕೇಡು, ಪಡು ಎಂಬುದರಿಂದ ಪಾಡು ಆದಂತೆ, ಬಿಡು ಎಂಬುದರಿಂದ ಬೀಡು. ಗಾಡಿ ಬಿಟ್ಟ, ಎತ್ತಿನ ನೊಗ ಬಿಟ್ಟ, ಹೊರೆ ಇಳಿಸಿ ಬಿಟ್ಟ ಜಾಗ. ಶಾಸನಗಳಲ್ಲಿ ಅರಸನ ಬೀಡು ನೆಲೆ ನಿಂತು ನೆಲೆವೀಡು ಆಯಿತು, ಎಂದರೆ ರಾಜಧಾನಿ. ಹೊಯ್ಸಳರ ದೋರಸಮುದ್ರವನ್ನು ಇಂದು ನಾವು ಕರೆಯುವುದು ಹಳೇಬೀಡು ಎಂದೇ. ಬಿಟ್ಟು ಹೋಗುವುದಕ್ಕೆಂದು ಇಳಿದ ಜಾಗ ಕಾಲಕ್ರಮದಲ್ಲಿ ನಿಂತು ಬಾಳುವ ಜಾಗವಾಗುವುದು ಇಂದಿನ ಸಂಗತಿಯಲ್ಲ.

ಹಂಪೆಯವರಿಗಂತೂ ಇದು ಹೊಸದೇ ಅಲ್ಲ. 1520ರಲ್ಲಿ ರಾಯಚೂರಿನ ಮೇಲೆ ಹೋದ ಕೃಷ್ಣದೇವರಾಯನ ಪಾಳೆಯವನ್ನು ಪೋರ್ತುಗೀಸ ನೂನಿಜ್ ವರ್ಣಿಸಿದ್ದಾನೆ. ಅಲ್ಲಿ ಬೀದಿಗಳು, ಅಂಗಡಿಸಾಲುಗಳು, ರತ್ನ ಮಾರುವವರು, ಅಗಸರು. ನೋಡಿದವರಿಗೆ ಅದು ಯುದ್ಧಕ್ಕೆ ಬಂದ ದಂಡಲ್ಲ, ಸಿರಿವಂತ ಪಟ್ಟಣವೆಂದೇ ತೋರಬೇಕು. ಇತ್ತ ಸಂಡೂರಿನ ರಾಮನದುರ್ಗದ ಬೆಟ್ಟದ ಮೇಲೆ ಬಳ್ಳಾರಿಯ ದಂಡಿನ ಆಂಗ್ಲ ಸಿಪಾಯಿಗಳು ಕಾಯಿಲೆ ಕಳೆದು ಚೇತರಿಸಿಕೊಳ್ಳಲು ತಂಗುತ್ತಿದ್ದರು. ಸಿಪಾಯಿಗಳು ಹೋದರು, ಆ ಕ್ಯಾಂಪು ಪಾಳುಬಿತ್ತು. ನಿಲ್ಲುವ ಕ್ಯಾಂಪು ಯಾವುದು, ಅಳಿಯುವ ಕ್ಯಾಂಪು ಯಾವುದು ಎಂಬುದು ಅಲ್ಲಿ ಉತ್ತು ಬಿತ್ತುವವರು ಉಂಟೋ ಇಲ್ಲವೋ ಎಂಬುದರ ಮೇಲೆ ನಿಂತಿದೆ ಎಂದು ನನಗೆ ತೋರುತ್ತದೆ.

ಈಗ ಕಂಡಕ್ಟರನ ಕ್ಯಾಂಪಿಗೆ ಬರುತ್ತೇನೆ. ತುಂಗಭದ್ರೆಗೆ ಅಣೆಕಟ್ಟಿನ ಅಸ್ತಿಭಾರ ಬಿದ್ದದ್ದು 1945ರ ಫೆಬ್ರವರಿ 28ರಂದು. ಈಚೆಯ ದಡ ಮದರಾಸಿನದು, ಆಚೆಯ ದಡ ನಿಜಾಮನದು. ಕಟ್ಟುವವರು ಬಂದು ಎರಡೂ ದಡದಲ್ಲಿ ಕ್ಯಾಂಪು ಹಾಕಿದರು. ಮುಳುಗುವ ಊರುಗಳವರು ಮನೆ ಮಠ ಬಿಟ್ಟು ಹೊರಟರು. ನಾರಾಯಣದೇವರಕೆರೆ ನೀರಿನಡಿಗೆ ಹೋಯಿತು, ಮರಿಯಮ್ಮನಹಳ್ಳಿ ಬೆಳೆಯಿತು. 1953ರಲ್ಲಿ ಕಾಲುವೆಗೆ ನೀರು ಬಂತು. ಅದೇ ವರ್ಷದ ಅಕ್ಟೋಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಬಂದೆವು. ಹಂಪೆ, ಕಂಪ್ಲಿಗಳ ಹೊಳೆಯ ಅಂಚಿನವರಿಗೆ ರಾಯರ ಕಾಲದ ಕಾಲುವೆಗಳಿದ್ದವು, ಬತ್ತ ಬಾಳೆ ಕಬ್ಬು ಗೊತ್ತಿತ್ತು. ಆದರೆ ಒಳನಾಡಿನ ಎರೆಹೊಲದ ರೈತರಿಗೆ ಗೊತ್ತಿದ್ದದ್ದು ಜೋಳ, ಹತ್ತಿ, ನಾಟಿಯ ಕೆಸರಲ್ಲ. ಆಗ ಆಂಧ್ರದ ಕರಾವಳಿ ಜಿಲ್ಲೆಗಳಿಂದ, ಕೃಷ್ಣಾ ಗೋದಾವರಿಗಳ ಬತ್ತದ ಸೀಮೆಯಿಂದ, ಕುಟುಂಬ ಕುಟುಂಬಗಳೇ ಬಂದವು. ಇದ್ದ ಜಮೀನು ಮಾರಿ ಇಲ್ಲಿ ಕೊಂಡರು. ಹೊಲದಲ್ಲಿಯೇ ಗುಡಿಸಲು ಹಾಕಿದರು. ಗಂಗಾವತಿ, ಸಿಂಧನೂರು, ಸಿರುಗುಪ್ಪ, ಕಂಪ್ಲಿಗಳ ಸುತ್ತ ಇಂಥ ಗುಡಿಸಲ ಗುಂಪುಗಳಿಗೆಲ್ಲ ಊರವರು ಇಟ್ಟ ಹೆಸರು ಕ್ಯಾಂಪು. "ಬಂದಾರ, ನಾಕು ಪೀಕು ತಗೊಂಡು ಹೋಗ್ತಾರ" ಎಂಬ ಎಣಿಕೆ ಆ ಹೆಸರಿನಲ್ಲಿತ್ತು.

ಅವರು ಹೋಗಲಿಲ್ಲ. ಗುಡಿಸಲು ತಾರಸಿಯಾಯಿತು, ರಾಮಮಂದಿರ, ಶಾಲೆ, ಅಕ್ಕಿಗಿರಣಿ ಬಂದವು. ಕೂಲಿಗೆ ಬಂದ ನಮ್ಮವರೂ ಅಲ್ಲಿಯೇ ಮನೆ ಮಾಡಿದರು. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ ಹತ್ತೊಂಬತ್ತನೆಯ ಗೇಟು ಕೊಚ್ಚಿಹೋದಾಗ, ಇಂಜಿನಿಯರರು ಡ್ಯಾಮಿನಲ್ಲಿಯೇ ಕ್ಯಾಂಪು ಹಾಕಿ ತಾತ್ಕಾಲಿಕ ಗೇಟು ಕೂಡಿಸುವವರೆಗೆ ಊರಿನವರೂ ಕ್ಯಾಂಪಿನವರೂ ಒಂದೇ ಚಿಂತೆಯಲ್ಲಿ ನಿದ್ದೆಗೆಟ್ಟರು. ನೀರು ಹೋದರೆ ಇಬ್ಬರದೂ ಹೋಗುತ್ತಿತ್ತು.

ಈಗ ಆ ಕೆಂಪು ಮಸಿಯ ಮಾತು. ನನ್ನ ಉಪಾಧ್ಯಾಯ ವೃತ್ತಿಯ ಮೊದಲ ವರ್ಷಗಳಲ್ಲಿ ಎಂಟನೆಯ ತರಗತಿಗೆ "ನನ್ನ ಊರು" ಎಂದು ಪ್ರಬಂಧ ಕೊಟ್ಟಿದ್ದೆ. ಎಲ್ಲರೂ ಬರೆದರು, ಒಬ್ಬ ಹುಡುಗ ಮಾತ್ರ ಹಾಳೆಯನ್ನು ಹಾಗೆಯೇ ತಂದು ಕೊಟ್ಟ. ಏಕಪ್ಪ ಎಂದೆ. "ಸಾರ್, ನಮ್ದು ಊರಲ್ರಿ, ಕ್ಯಾಂಪು" ಎಂದ. ತರಗತಿ ನಕ್ಕಿತು. ಹೇಳಲು ನಾಚಿಕೆ, ನಾನೂ ನಕ್ಕೆ. "ಹಾಗಾದರೆ ನಿನ್ನ ಸ್ವಂತ ಊರಿನ ಮೇಲೆ ಬರಿ" ಎಂದೆ. ಅವನು ತಲೆ ತಗ್ಗಿಸಿ ಹೇಳಿದ: "ಅದನ್ನ ನಾನು ನೋಡೇ ಇಲ್ರಿ. ನಮ್ಮಪ್ಪನೂ ಇಲ್ಲೇ ಹುಟ್ಟ್ಯಾನ್ರಿ." ಹಿಂದಿನ ತಿಂಗಳಷ್ಟೇ ಅವನ ಹಾಳೆಯಲ್ಲಿ ಕ್ಯಾಂಪನ್ನು ಹೊಡೆದು ಶಿಬಿರ ಎಂದು ಬರೆದಿದ್ದವನು ನಾನೇ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಹುಡುಗ ತನ್ನ ಹುಟ್ಟೂರಿಗೆ ಒಂದೇ ಒಂದು ಹೆಸರನ್ನು ಕಲಿತಿದ್ದ. ಅದನ್ನೂ ನಾನು ತಪ್ಪೆಂದಿದ್ದೆ. ಆ ವರ್ಷವಿಡೀ ಅವನು ಪ್ರಬಂಧ ಬರೆಯಲಿಲ್ಲ. ಅವನಿಗೆ ಹೇಳಬೇಕಾದ ಮಾತು ನನಗೆ ಹೊಳೆದಾಗ ಅವನು ಶಾಲೆ ಬಿಟ್ಟು ಬಹಳ ಕಾಲವಾಗಿತ್ತು.

ಹೇಳಬೇಕಾಗಿದ್ದುದು ಇಷ್ಟೆ. ಹೊಸಪೇಟೆ ಕೃಷ್ಣದೇವರಾಯನ ಕಾಲದ ನಾಗಲಾಪುರ. ಐನೂರು ವರ್ಷದ ಪಟ್ಟಣ ಇಂದಿಗೂ "ಹೊಸ" ಪೇಟೆಯೇ. ಅದರಿಂದ ಅದರ ಗೌರವಕ್ಕೇನೂ ಕುಂದಿಲ್ಲ. ಹಳೇಬೀಡೂ ಒಂದು ಬೀಡೇ, ಎಂದರೆ ಕ್ಯಾಂಪೇ. ಹೆಸರಿನಲ್ಲಿ ಉಳಿದಿರುವುದು ಬಂದ ದಿನದ ನೆನಪು ಮಾತ್ರ, ಇಂದಿನ ಸ್ಥಿತಿಯಲ್ಲ.

ಸರ್ಕಾರಕ್ಕೂ ಇದು ತಡವಾಗಿ ಹೊಳೆಯಿತು. ದಾಖಲೆಯಿಲ್ಲದ ವಸತಿಗಳಲ್ಲಿ ಮನೆ ಕಟ್ಟಿಕೊಂಡವರಿಗೆ ಮನೆಯ ಹಕ್ಕು ಕೊಡಲು 2017ರಲ್ಲಿ ಜಾರಿಗೆ ಬಂದ ಭೂಸುಧಾರಣಾ ಕಾಯಿದೆಯ ತಿದ್ದುಪಡಿಯಲ್ಲಿ ತಾಂಡಾ, ಹಟ್ಟಿ, ಹಾಡಿ, ದೊಡ್ಡಿ, ಪಾಳ್ಯಗಳ ಸಾಲಿನಲ್ಲಿ ಕ್ಯಾಂಪ್ ಎಂಬ ಮಾತೂ ಸೇರಿದೆ. ಕಲೆಕ್ಟರನ ಡೇರೆಯಲ್ಲಿ ಹುಟ್ಟಿದ ಮಾತು ಕೊನೆಗೆ ಬಡವನ ಮನೆಯ ಪತ್ರದವರೆಗೆ ನಡೆದು ಬಂತು. ಯಾವ ನಿಘಂಟುಕಾರನೂ ಇದಕ್ಕಿಂತ ದೊಡ್ಡ ಸನ್ಮಾನ ಮಾಡಲಾರ.

ಕಾಯಿದೆ ಮಾಡುವುದು ಸರ್ಕಾರದ ಕೆಲಸ. ಮಾತು ನಮ್ಮ ಕೈಯಲ್ಲಿದೆ. ನಿಮ್ಮ ಮನೆಗೆ ನಿಮ್ಮ ಮಗನ ಗೆಳೆಯನೊಬ್ಬ ಬಂದಾಗ "ಯಾವೂರಪ್ಪ?" ಎಂದು ಕೇಳುತ್ತೀರಿ, ಕೇಳಬೇಕಾದದ್ದೇ. ಅವನು ಇಂಥ ಕ್ಯಾಂಪು ಎಂದರೆ ಅಲ್ಲಿಗೆ ನಿಲ್ಲಿಸಿ. "ಅದಲ್ಲ, ಸ್ವಂತ ಊರು ಯಾವುದು?" ಎಂಬ ಎರಡನೆಯ ಪ್ರಶ್ನೆ ಬೇಡ. ಅವನು ಉತ್ತರ ಕೊಟ್ಟಾಗಿದೆ.

ನನ್ನ ಕೆಂಪು ಮಸಿ ಈಗಲೂ ಮೇಜಿನ ಮೇಲಿದೆ. ಒತ್ತಕ್ಷರ, ದೀರ್ಘಗಳನ್ನು ತಿದ್ದಲು ಬೇಕಾಗುತ್ತದೆ. ಕ್ಯಾಂಪು ಎಂದು ಕಂಡಲ್ಲಿ ಮಾತ್ರ ಸರಿಯ ಗುರುತು ಹಾಕಿ ಮುಂದಿನ ಸಾಲಿಗೆ ಹೋಗುತ್ತೇನೆ.