ತಂತಿಯಲ್ಲಿ ವಿದ್ಯುತ್ತು ಹರಿಯುತ್ತಿದೆಯೆ?

ಕಾಲುವೆಯಲ್ಲಿ ನೀರು ಹರಿಯುತ್ತಿದ್ದರೆ ಕಣ್ಣಿಗೆ ಕಾಣುತ್ತದೆ. ತಂತಿಯಲ್ಲಿ ಹರಿಯುವ ವಿದ್ಯುತ್ತು ಕಾಣುವುದೂ ಇಲ್ಲ, ಅದನ್ನು ಮುಟ್ಟಿ ನೋಡುವಂತೆಯೂ ಇಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಶಕ್ತಿಯನ್ನು ಸಾಗಿಸಿದ ತಂತಿಗಳೂ ದಾರಿಹೋಕರ ಕಣ್ಣಿಗೆ ಬರಿಯ ತಂತಿಗಳೇ ಆಗಿದ್ದುವು.

ಆದರೆ ಪ್ರವಾಹವು ತನ್ನ ಸುಳಿವನ್ನು ಹೊರಗೆ ಬಿಡದೆ ಇರಲಾರದು. ತಂತಿಯಲ್ಲಿ ವಿದ್ಯುತ್ತು ಹರಿದೊಡನೆ ಬಳಿಯ ದಿಕ್ಸೂಚಿಯ ಮುಳ್ಳು ತಿರುಗುವುದೆಂದು ಡೆನ್ಮಾರ್ಕಿನ ಅಯರ್ಸ್ಟೆಡ್ 1820ರಲ್ಲಿ ತೋರಿಸಿದನು. ಅಯಸ್ಕಾಂತಬಲವು ಏರಿಳಿದರೆ ಅದರೊಳಗಿನ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುವುದೆಂಬುದನ್ನು 1831ರಲ್ಲಿ ಫ್ಯಾರಡೆ ಕಂಡುಕೊಂಡನು. ನಮ್ಮ ಮನೆಗಳ ಪ್ರವಾಹವಾದರೋ ಸೆಕೆಂಡಿಗೆ 50 ಸಲ ಹಿಂದುಮುಂದಾಗಿ ತುಯ್ದಾಡುವಂಥದು. ನಮಗೆ ಬೇಕಾದುದೂ ಅದೇ.

ಕಬ್ಬಿಣದ ತೆಳುಪಟ್ಟಿಯಿಂದ ಮಾಡಿದ ಬಳೆಯೊಂದಕ್ಕೆ ಮೆರುಗೆಣ್ಣೆ ಬಳಿದ ಸಣ್ಣ ತಾಮ್ರದ ತಂತಿಯನ್ನು ಸಾವಿರ ಸುತ್ತು ಸುತ್ತಿರಿ. ಹೊದಿಕೆಯುಳ್ಳ ಮನೆಯ ತಂತಿಯು ಬಳೆಯ ನಡುವೆ ಒಮ್ಮೆ ಹಾದುಹೋಗಲಿ. ಅದರಲ್ಲಿ ಐದು ಆಂಪಿಯರು ಹರಿದರೆ ಸುರುಳಿಯಲ್ಲಿ ಅದರ ಸಾವಿರದಲ್ಲೊಂದು ಪಾಲು, ಎಂದರೆ ಸುಮಾರು ಐದು ಮಿಲಿಆಂಪಿಯರು ಹರಿಯುತ್ತದೆ. ಒಂದು ಎಲ್‌.ಇ.ಡಿ. ದೀಪ ಬೆಳಗುವುದಕ್ಕೆ ಅಷ್ಟು ಸಾಕು, ಬ್ಯಾಟರಿಯ ಗೊಡವೆಯಿಲ್ಲ. ಸಾವಿರ ವಾಟಿನ ಇಸ್ತ್ರಿಪೆಟ್ಟಿಗೆ 230 ವೋಲ್ಟಿನಲ್ಲಿ ನಾಲ್ಕು ಆಂಪಿಯರಿಗೂ ಮಿಗಿಲಾಗಿ ಸೆಳೆಯುವುದರಿಂದ ಪರೀಕ್ಷೆಗೆ ಅನುಕೂಲ.

ದೀಪಗಳು ಮಾತ್ರ ಎರಡಿರಬೇಕು, ಒಂದಕ್ಕೊಂದು ಎದುರುಮುಖವಾಗಿ. ಎಲ್‌.ಇ.ಡಿ. ಒಂದೇ ದಿಕ್ಕಿನ ಪ್ರವಾಹವನ್ನು ಬಿಡುತ್ತದೆ. ಒಂದನ್ನೇ ಇಟ್ಟರೆ ಮರುದಿಕ್ಕಿನಲ್ಲಿ ಸುರುಳಿಗೆ ದಾರಿಯಿಲ್ಲದೆ ಒತ್ತಡವೇರಿ ದೀಪವೇ ಕೆಡಬಹುದು. ತುದಿಗಳನ್ನು ತೆರೆದೇ ಬಿಡುವುದೂ ಇದೇ ಕಾರಣದಿಂದ ಸಲ್ಲದು. ದೊಡ್ಡ ಪ್ರವಾಹದ ಸಾಲಿನಲ್ಲಾದರೆ ಅದು ಪ್ರಾಣಾಪಾಯವೇ ಸರಿ.

ಮೊದಲ ಸಲ ನಾನು ಇಸ್ತ್ರಿಪೆಟ್ಟಿಗೆಯ ಇಡೀ ಹುರಿಯನ್ನೇ ಬಳೆಯೊಳಗೆ ತೂರಿಸಿ, ದೀಪ ಹತ್ತಲಿಲ್ಲವೆಂದು ಒಂದು ಸಂಜೆಯೆಲ್ಲ ಸುರುಳಿಯನ್ನು ಬಯ್ದೆನು. ತಪ್ಪು ನನ್ನದೇ. ಹೋಗುವ ಪ್ರವಾಹವೂ ಮರಳುವ ಪ್ರವಾಹವೂ ಒಂದೇ ಬಳೆಯಲ್ಲಿ ಹಾದರೆ ಒಂದರ ಬಲವನ್ನು ಇನ್ನೊಂದು ಅಳಿಸುತ್ತದೆ. ಒಂದು ತಂತಿಯನ್ನಷ್ಟೇ ಹಾಯಿಸಬೇಕು. ಅದನ್ನು ಬೇರ್ಪಡಿಸುವ ಕೆಲಸವನ್ನು, ಮುಖ್ಯ ಸ್ವಿಚ್ಚನ್ನು ಆರಿಸಿ, ಬಲ್ಲ ಕೆಲಸಗಾರನಿಂದಲೇ ಮಾಡಿಸಿರಿ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ದೀಪ ಆರಿದೆಯೆಂದರೆ ಪ್ರವಾಹವಿಲ್ಲವೆಂದು ಅರ್ಥವೇ ಹೊರತು ತಂತಿ ನಿರಪಾಯವೆಂದಲ್ಲ. ಮುಚ್ಚಿದ ನಲ್ಲಿಯ ಹಿಂದೆ ನೀರು ಒತ್ತಿ ನಿಂತಿರುವಂತೆ, ಇಸ್ತ್ರಿಪೆಟ್ಟಿಗೆಯನ್ನು ಆರಿಸಿದ ಮೇಲೂ ಗೋಡೆಯ ತಂತಿಯಲ್ಲಿ 230 ವೋಲ್ಟು ಕಾದಿರುತ್ತದೆ. ಕೈಯಿಟ್ಟವನ ದೇಹವೇ ಆಗ ನಲ್ಲಿಯನ್ನು ತೆರೆದಂತಾಗುವುದು. ಆ ಒತ್ತಡವನ್ನು ಅರಿಯಲು ವೋಲ್ಟ್‌ಮಾಪಕವೇ ಬೇಕು. ಈ ಬಳೆಯಿಂದ ಅದು ತಿಳಿಯದು.