ಮೈಯ ಝಳ, ಮನೆಯ ಝಳ

(ಹೂಲಿಯಲ್ಲಿ ಸೇರಿದ್ದ ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



ವರದಕ್ಷಿಣೆ, ಹೊಡೆತ-ಬಡಿತದ ಬಗ್ಗೆ ಮಾತಾಡಲು ಸೇರುವ ನಾವು ಇವತ್ತು ಮುಟ್ಟು ನಿಲ್ಲುವ ಮಾತನ್ನು ಏಕೆ ಎತ್ತಿದೆವು ಎಂದು ಕೆಲವರಿಗೆ ಅನಿಸಿರಬಹುದು. ಇಲ್ಲಿಂದ ದೂರದ ಒಂದು ಊರಿನ ತಾಯಿ ನನಗೆ ಹೇಳಿದ್ದನ್ನು ಕೇಳಿ: "ರಾತ್ರಿ ಮೈಯಾಗ ಬೆಂಕಿ ಹೊತ್ತಿದಂಗ ಆಕ್ಕೈತ್ರಿ. ಎದ್ದು ಅಂಗಳಕ್ಕ ಬಂದು ಕುಂದರತೀನಿ. ನಡುರಾತ್ರ್ಯಾಗ ಯಾರ ದಾರಿ ಕಾಯಾಕತ್ತೀದಿ ಅಂತ ಅಂವ ಕೂದಲ ಹಿಡದು ಒಳಗ ಎಳಕೊಂಡ ಹೋಗ್ತಾನ." ಆಕೆಗೆ ನಲವತ್ತೇಳು ವರ್ಷ. ಮೊಮ್ಮಕ್ಕಳಿದ್ದಾರೆ.

ಆ ಬೆಂಕಿ ಪಾಪವಲ್ಲ, ಹುಚ್ಚಲ್ಲ, ಯಾರೋ ಮಾಡಿಸಿದ್ದೂ ಅಲ್ಲ. ಮುಟ್ಟು ನಿಲ್ಲುವ ಕಾಲಕ್ಕೆ ಅಂಡಾಶಯಗಳಿಂದ ಬರುವ ಈಸ್ಟ್ರೋಜನ್ ಎಂಬ ರಸ ಕಡಿಮೆಯಾಗುತ್ತದೆ. ಮಿದುಳಿನಲ್ಲಿ ಮೈಯ ಬಿಸಿಯನ್ನು ಹದದಲ್ಲಿಡುವ ಒಂದು ಭಾಗವಿದೆ. ಅದು ಆಗ ಸಣ್ಣ ಬಿಸಿಗೂ ಬೆದರಿ ಬೆವರು ಸುರಿಸುತ್ತದೆ. ಸಾಮಾನ್ಯವಾಗಿ ಕೆಲವು ನಿಮಿಷ ಝಳ; ಆಮೇಲೆ ಚಳಿ. ನಮ್ಮ ದೇಶದಲ್ಲಿ ಮುಟ್ಟು ಸಾಮಾನ್ಯವಾಗಿ 46-47ರ ಸುಮಾರಿಗೆ ನಿಲ್ಲುತ್ತದೆ. ಝಳ ಕೆಲವರಿಗೆ ಏಳೆಂಟು ವರ್ಷವೂ ಕಾಡುತ್ತದೆ. ಏಷ್ಯಾದ ಹೆಂಗಸರಿಗೆ ಇದು ಕಡಿಮೆ ಎಂದು ಓದಿದ್ದೇನೆ. ಇರಬಹುದು. ನಮ್ಮವರು ಹೇಳಿಕೊಳ್ಳುವುದೂ ಕಡಿಮೆ, ಕೇಳುವವರಂತೂ ಇಲ್ಲವೇ ಇಲ್ಲ.

ನೂಲಿನ ಸೀರೆ, ಸಡಿಲ ರವಿಕೆ ಇರಲಿ. ತಲೆದೆಸೆಗೆ ತಂಬಿಗೆ ನೀರು, ಒಂದು ಒದ್ದೆ ಬಟ್ಟೆ ಇಟ್ಟುಕೊಳ್ಳಿ. ಕೆಂಪು ಚಟ್ನಿ ಬಿಡಿ ಎಂದರೆ ನೀವು ನನ್ನನ್ನೇ ಊರು ಬಿಡಿಸುತ್ತೀರಿ. ರಾತ್ರಿಯ ಊಟದಲ್ಲಾದರೂ ಖಾರ, ಬಿಸಿ ಚಹಾ ಕಡಿಮೆ ಮಾಡಿ ನೋಡಿ. ನಿದ್ದೆಯೇ ಹೋಗಿ ಕೂಲಿ ಕೆಲಸಕ್ಕೆ ಕುತ್ತು ಬಂದರೆ ಔಷಧವಿದೆ. ಹಾರ್ಮೋನು ಗುಳಿಗೆ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಸ್ತನ ಕ್ಯಾನ್ಸರ್ ಆದವರಿಗೆ, ರಕ್ತ ಹೆಪ್ಪುಗಟ್ಟುವ ತೊಂದರೆ ಇರುವವರಿಗೆ ಅದು ಸಲ್ಲದು. ವೈದ್ಯರನ್ನು ಕೇಳದೆ ಅಂಗಡಿಯಿಂದ ತರಬೇಡಿ. ಮುಟ್ಟು ನಿಂತು ಒಂದು ವರ್ಷದ ಮೇಲೆ ಮತ್ತೆ ರಕ್ತ ಕಂಡರೆ ತಡಮಾಡದೆ ತೋರಿಸಿ. ರಾತ್ರಿ ಬೆವರಿನ ಜೊತೆ ಕೆಮ್ಮು, ಜ್ವರ, ತೂಕ ಇಳಿಯುವುದು ಇದ್ದರೆ ಕ್ಷಯ ಇರಬಹುದು. ಕಫ ಪರೀಕ್ಷೆ ಮಾಡಿಸಿ.

ಇನ್ನು ಚೀಲ ತೆಗೆಸುವ ಮಾತು. "ತೆಗಿಸಿಬಿಡ್ರಿ, ಕಾಟ ತಪ್ಪತೈತಿ" ಎಂದು ಹೇಳುವವರು ಬಹಳ. ಗರ್ಭಚೀಲದ ಜೊತೆ ಅಂಡಾಶಯಗಳನ್ನೂ ತೆಗೆದರೆ ಝಳ ಹೋಗುವುದಿಲ್ಲ, ಒಮ್ಮೆಲೇ ಜೋರಾಗಿ ಬರುತ್ತದೆ. ಚಿಕ್ಕ ವಯಸ್ಸಿನಲ್ಲಾದರೆ ಎಲುಬು ಸವೆಯುತ್ತವೆ, ಹೃದಯಕ್ಕೂ ಕೇಡು. ಕಲಬುರಗಿ ಜಿಲ್ಲೆಯಲ್ಲಿ ಬೆನ್ನುನೋವು, ಹೊಟ್ಟೆನೋವು ಎಂದು ಹೋದ ಲಂಬಾಣಿ ತಾಂಡಾಗಳ ಮತ್ತು ದಲಿತ ಕೇರಿಗಳ ಹೆಣ್ಣುಮಕ್ಕಳ ಗರ್ಭಚೀಲವನ್ನೇ ತೆಗೆದದ್ದು 2015ರಲ್ಲಿ ಬಯಲಾಯಿತು. ಅವರಲ್ಲಿ ಎಷ್ಟೋ ಜನ ಮೂವತ್ತೈದೂ ತುಂಬದವರು. 2017ರ ಫೆಬ್ರವರಿಯಲ್ಲಿ ಅವರು ಜಿಲ್ಲಾಧಿಕಾರಿ ಕಚೇರಿಯ ಮುಂದೆ ಬಂದು ಕೂತರು. ಅನಗತ್ಯ ಗರ್ಭಚೀಲ ಶಸ್ತ್ರಚಿಕಿತ್ಸೆಗಳ ಮೇಲೆ ಕಣ್ಣಿಡಬೇಕೆಂದು ಸುಪ್ರೀಂ ಕೋರ್ಟು 2023ರಲ್ಲಿ ಎಲ್ಲ ರಾಜ್ಯಗಳಿಗೆ ಹೇಳಿದೆ. ಯಾಕೆ ತೆಗೆಯಬೇಕು, ಬೇರೆ ಔಷಧವಿಲ್ಲವೇ, ಅಂಡಾಶಯ ಉಳಿಸುತ್ತೀರಾ ಎಂದು ಕೇಳಿ. ಇನ್ನೊಬ್ಬ ವೈದ್ಯರಿಗೂ ತೋರಿಸಿ. ಸಂಘದಲ್ಲಿ ಆಪರೇಶನ್‌ಗೆಂದು ಸಾಲ ಕೇಳಿದರೆ ಸಹಿ ಹಾಕುವ ಮೊದಲು ನೀವೇ ಈ ಪ್ರಶ್ನೆ ಕೇಳಿರಿ.

"ಮುಟ್ಟು ನಿಂತಾಕಿ ಇನ್ನ ಯಾಕ ಬೇಕು" ಎಂದು ಹಂಗಿಸುವುದು, ಔಷಧಕ್ಕೆ ದುಡ್ಡು ಕೊಡದಿರುವುದು, ಹೆಂಡತಿ ಒಲ್ಲೆ ಎಂದರೂ ಮೈಮೇಲೆ ಬೀಳುವುದು: 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಹೊಡೆತದಷ್ಟೇ ಇವೂ ದೌರ್ಜನ್ಯ. ಐವತ್ತು ದಾಟಿದವರಿಗೆ ಆ ಕಾಯ್ದೆ ಇಲ್ಲ ಎಂದು ಎಲ್ಲೂ ಬರೆದಿಲ್ಲ. 181ಕ್ಕೆ ಫೋನು ಮಾಡಬಹುದು. ಸಂರಕ್ಷಣಾಧಿಕಾರಿ ಯಾರೆಂದು ಅಂಗನವಾಡಿಯಲ್ಲಿ ಕೇಳಿ.

ಆ ತಾಯಿಯ ಸಂಘದ ಇಬ್ಬರು ಅವಳ ಮನೆಗೆ ಹೋಗಿ, ಗಂಡನನ್ನು ಕೂರಿಸಿ, ಝಳ ಎಂದರೇನೆಂದು ಹೇಳಿ ಬಂದರು. ಆತ ಪೂರಾ ನಂಬಿದನೋ ಇಲ್ಲವೋ ಗೊತ್ತಿಲ್ಲ. ಈಗ ಆಕೆ ಅಂಗಳಕ್ಕೆ ಬಂದು ಕೂತರೆ ಪಕ್ಕದ ಮನೆಯಾಕೆ ಎದ್ದು ಹೊರಗಿನ ದೀಪ ಹಾಕುತ್ತಾಳೆ. ಒಳಗಿನಿಂದ ಯಾರೂ ಎಳೆಯಲು ಬರುವುದಿಲ್ಲ.